ಇಂದ್ರಾಣಿಯ ದಡದ ಉಡುಪಿ

1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾದಾಗ ಡಾ. ವಿ.ಎಸ್. ಆಚಾರ್ಯರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರ ಕಾಲದಲ್ಲೇ ಈ ಊರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ಅದನ್ನು ನಿಷೇಧಿಸುವ ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ. ದಿಲ್ಲಿಗಿಂತ ಎಷ್ಟೋ ವರ್ಷ ಮೊದಲು ಒಂದು ಪುಟ್ಟ ಪುರಸಭೆ ಈ ನಿರ್ಧಾರ ಮಾಡಿತ್ತು ಎನ್ನುವುದು ಉಡುಪಿಯವರಿಗೆ ಇಂದಿಗೂ ಅಭಿಮಾನದ ಸಂಗತಿ. ಆ ಅಭಿಮಾನ ಇರಲೇಬೇಕು. ಆದರೆ ಮನುಷ್ಯನ ತಲೆಯಿಂದ ಇಳಿದ ಹೊಲಸು ಆಮೇಲೆ ಎಲ್ಲಿಗೆ ಹೋಯಿತು ಎಂದು ತಿಳಿಯಬೇಕಾದರೆ ಇಂದ್ರಾಣಿಯ ದಡ ಹಿಡಿದು ನಡೆಯಬೇಕು.

ಇಂದ್ರಾಳಿಯ ಕಡೆಯಿಂದ ಇಳಿದು ಬರುವ ಇಂದ್ರಾಣಿ ದೊಡ್ಡ ಹೊಳೆಯಲ್ಲ, ಊರ ನಡುವಿನ ತೋಡು. ಕಲ್ಸಂಕ ದಾಟಿ, ಕೃಷ್ಣ ಮಠಕ್ಕೆ ಸಮೀಪದ ತಗ್ಗು ಬಯಲುಗಳನ್ನು ಬಳಸಿಕೊಂಡು, ಕೊಡವೂರು, ಕಲ್ಮಾಡಿಯ ಕಡೆಗೆ ಸಾಗಿ ಮಲ್ಪೆಯ ಕಡಲು ಸೇರುತ್ತದೆ. ಈ ಬಯಲುಗಳು ಹಿಂದೆ ಗದ್ದೆಗಳಾಗಿದ್ದವು. ಮಳೆಗಾಲದಲ್ಲಿ ತೋಡು ಉಕ್ಕಿದರೆ ನೀರು ಗದ್ದೆಗೆ ಹರಡಿ ನಿಧಾನವಾಗಿ ಇಳಿಯುತ್ತಿತ್ತು. ಗದ್ದೆಗಳಿಗೆ ಕೆಂಪು ಮಣ್ಣು ತುಂಬಿಸಿ ವಸತಿ ಸಮುಚ್ಚಯ, ಹೋಟೆಲು, ವಾಹನ ನಿಲುಗಡೆಯ ಜಾಗ ಮಾಡಿದ ಮೇಲೆ ಆ ನೀರಿಗೆ ನಿಲ್ಲಲು ಜಾಗವೇ ಇಲ್ಲ. 2020ರ ಸೆಪ್ಟೆಂಬರ್ 20ರ ಭಾನುವಾರ ಕಲ್ಸಂಕ, ಬೈಲಕೆರೆಯ ಮನೆ ಅಂಗಡಿಗಳ ಒಳಗೇ ನೀರು ನಿಂತಿತು. ಅದು ಅಪರೂಪದ ಮಳೆ ಎಂಬುದು ನಿಜ. ಆದರೆ ಗದ್ದೆ ತುಂಬಿಸಿ ಕಟ್ಟಡ ಕಟ್ಟಲು ಒಪ್ಪಿಗೆ ಕೊಟ್ಟದ್ದು ಮಳೆಯಲ್ಲ.

ಆ ನೆರೆಗೆ ಒಂದು ವರ್ಷಕ್ಕೂ ಹೆಚ್ಚು ಹಿಂದೆ, 2019ರ ಮೇ ತಿಂಗಳಲ್ಲಿ, ಇದೇ ಊರಿಗೆ ಕುಡಿಯಲು ನೀರಿರಲಿಲ್ಲ. ಹಿರಿಯಡಕ ಬಳಿ ಸ್ವರ್ಣಾ ನದಿಗೆ ಕಟ್ಟಿದ ಬಜೆ ಅಣೆಕಟ್ಟು ಬತ್ತಿತು. ನದಿಯ ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಪಂಪ್ ಹಾಕಿ ಬಜೆಗೆ ಹರಿಸಿದರು. ವಾರ್ಡುಗಳಿಗೆ ಸರದಿಯ ಮೇಲೆ ನೀರು ಬಂತು, ಉಳಿದ ದಿನ ಟ್ಯಾಂಕರೇ ಗತಿ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಜಿಲ್ಲೆಯ ಕೇಂದ್ರದ ಪಾಡು ಇದು. ಇಂಥ ಬರಕ್ಕೆ ಉತ್ತರವಾಗಿ ಹಿಡಿದದ್ದು ವಾರಾಹಿ ನದಿಯನ್ನು: ಹಾಲಾಡಿ ಸಮೀಪದ ಭರತ್ಕಲ್‌ನಿಂದ ಉಡುಪಿಯವರೆಗೆ ಉದ್ದದ ಕೊಳವೆ ಮಾರ್ಗ. ನಮ್ಮೂರ ಮೇಲೆ ಹಾದುಹೋಗುವ ನೀರು ನಮಗೂ ಬೇಕು, ಅದೂ ಶುದ್ಧೀಕರಿಸಿ ಕೊಡಿ ಎಂದು ದಾರಿಯ ಗ್ರಾಮಗಳ ಜನ ಕೇಳಿದರು. ಕೇಳಿದ್ದು ನ್ಯಾಯವೇ.

ಈ ಬರ, ಈ ನೆರೆ ಎರಡೂ ಬಂದಾಗ ನಗರಸಭೆಯಲ್ಲಿ ಅಧ್ಯಕ್ಷರೇ ಇರಲಿಲ್ಲ. 2018ರ ಆಗಸ್ಟ್ ಕೊನೆಗೆ 35 ವಾರ್ಡುಗಳಿಗೆ ಚುನಾವಣೆ ನಡೆದು ಸದಸ್ಯರು ಆಯ್ಕೆಯಾಗಿದ್ದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಹುದ್ದೆಗಳ ಮೀಸಲಾತಿ ಪಟ್ಟಿ ನ್ಯಾಯಾಲಯದಲ್ಲಿ ಸಿಕ್ಕಿಕೊಂಡು ರಾಜ್ಯದ ಬಹುತೇಕ ನಗರಸಭೆಗಳಂತೆ ಇಲ್ಲಿಯೂ ಆಡಳಿತಾಧಿಕಾರಿಯ ಆಳ್ವಿಕೆ ನಡೆಯಿತು. ಅಧ್ಯಕ್ಷರ ಆಯ್ಕೆಯಾದದ್ದು 2020ರ ಕೊನೆಯ ಭಾಗದಲ್ಲಿ. ನಲ್ಲಿಯಲ್ಲಿ ನೀರಿಲ್ಲ ಎಂದು ಜನ ಮನೆ ಬಾಗಿಲಿಗೆ ಬಂದಾಗ ಸದಸ್ಯರ ಕೈಯಲ್ಲಿ ಅಧಿಕಾರ ಇಲ್ಲ, ಸಭೆ ಕರೆದು ತೀರ್ಮಾನಿಸುವ ವೇದಿಕೆಯೂ ಇಲ್ಲ. ಎರಡು ವರ್ಷ ಹೀಗೇ ಕಳೆದದ್ದನ್ನು ಮರೆತು ಸ್ಥಳೀಯ ಆಡಳಿತದ ಬಗ್ಗೆ ಮಾತಾಡುವುದು ಅನ್ಯಾಯ.

ಈಗ ಇಂದ್ರಾಣಿಗೆ ಮರಳೋಣ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಕರಾವಳಿ ನಗರಾಭಿವೃದ್ಧಿ ಯೋಜನೆಯಲ್ಲಿ ಉಡುಪಿಯೂ ಸೇರಿತ್ತು. ನಿಟ್ಟೂರಿನಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕವೂ ಇದೆ. ಆದರೆ ಒಳಚರಂಡಿ ನಗರದ ಎಲ್ಲ ಭಾಗಕ್ಕೂ ತಲುಪಿಲ್ಲ. ತಲುಪಿದ ಕಡೆಯಲ್ಲೂ ಪಂಪ್ ಕೆಟ್ಟರೆ, ಕೊಳವೆ ಒಡೆದರೆ ಹೊಲಸು ಇಳಿಯುವುದು ತೋಡಿಗೆ. ಮೇಲಿನ ಪೇಟೆಯ ಹೊಲಸಿನ ನಾತ ಕೆಳಗಿನ ಕೊಡವೂರು, ಕಲ್ಮಾಡಿಯವರಿಗೆ. ಬಾವಿಯ ನೀರು ಬಣ್ಣ ಬದಲಿಸಿದೆ, ಕುಡಿಯಲಾಗುವುದಿಲ್ಲ ಎಂಬುದು ಅಲ್ಲಿನವರ ಎಷ್ಟೋ ವರ್ಷದ ದೂರು. ಮನೆಯಂಗಳದ ಬಾವಿಯನ್ನೇ ನಂಬಿ ಬದುಕಿದ ಕರಾವಳಿಯ ಕುಟುಂಬಕ್ಕೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

ಇಂದ್ರಾಣಿಯನ್ನು ಶುಚಿಗೊಳಿಸುವುದು ಆಗದ ಕೆಲಸವೇನಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣ ಮಠದ ಪರ್ಯಾಯ ಉತ್ಸವ ಬಂತೆಂದರೆ ರಸ್ತೆಗೆ ಡಾಮರು ಬೀಳುತ್ತದೆ, ಚರಂಡಿಯ ಹೂಳು ಎದ್ದುಹೋಗುತ್ತದೆ, ದಾರಿದೀಪ ಉರಿಯುತ್ತದೆ. ಪೌರಕಾರ್ಮಿಕರು ರಾತ್ರಿಯಿಡೀ ದುಡಿದು ಬೆಳಗಾಗುವಷ್ಟರಲ್ಲಿ ರಥಬೀದಿಯನ್ನು ಗುಡಿಸಿ ಕೊಡುತ್ತಾರೆ. ದಿನ ಗೊತ್ತುಮಾಡಿ ಕೆಲಸ ಮುಗಿಸುವುದು ಈ ಊರಿಗೆ ಚೆನ್ನಾಗಿ ಗೊತ್ತು. ಇಂದ್ರಾಣಿಗೂ ಹಾಗೆ ಒಂದು ದಿನ ಗೊತ್ತಾಗಬೇಕು. ಒಳಚರಂಡಿಗೆ ಕೋಟಿಗಳು ಬೇಕು, ವರ್ಷಗಳು ಹಿಡಿಯುತ್ತವೆ. ಕೊಡವೂರು, ಕಲ್ಮಾಡಿಯ ಬಾವಿಗಳ ನೀರನ್ನು ಪ್ರತಿ ಬೇಸಿಗೆ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ವಾರ್ಡಿನಲ್ಲೇ ಹಚ್ಚುವುದಕ್ಕೆ, ತೋಡಿಗೆ ಕೊಳವೆ ಬಿಟ್ಟ ಕಟ್ಟಡಗಳ ಪರವಾನಗಿ ತಡೆಹಿಡಿಯುವುದಕ್ಕೆ ಅಷ್ಟು ಕಾಯಬೇಕಿಲ್ಲ. ನಗರಸಭೆಯ ಒಂದು ಸಾಮಾನ್ಯ ಸಭೆಯಲ್ಲೇ ನಿರ್ಣಯ ಮಾಡಬಹುದು.