ಫೋನಿನ ಸಿಮ್ ಟ್ಯಾಬಿಗೆ: ಹಾಕುವ ಮೊದಲು ಇಷ್ಟು ನೋಡಿ

ನಮ್ಮ ಮನೆಯಲ್ಲಿ ಒಂದು ಸ್ಮಾರ್ಟ್‌ಫೋನು, ಒಂದು ಟ್ಯಾಬ್ ಇದೆ. ರೀಚಾರ್ಜ್ ಮಾಡಿಸುವ ಸಿಮ್ ಮಾತ್ರ ಒಂದೇ. ಮಗಳ ಪಾಠ, ಮಳೆಯ ಮುನ್ಸೂಚನೆ, ರೋಗ ತಗಲಿದ ಎಲೆಯ ಚಿತ್ರ - ಇವೆಲ್ಲ ದೊಡ್ಡ ಪರದೆಯಲ್ಲಿ ನೋಡಲು ಸುಲಭ. ಹಾಗಾಗಿ ಸಿಮ್ ತೆಗೆದು ಅತ್ತಿತ್ತ ಹಾಕುವುದು ನಮ್ಮಲ್ಲೂ ಉಂಟು, ಎಷ್ಟೋ ಕೃಷಿಕರ ಮನೆಗಳಲ್ಲೂ ಉಂಟು. ಇದರಲ್ಲಿ ತಪ್ಪೇನಿಲ್ಲ. ಆದರೆ ಸಿಮ್ ಜತೆ ಏನು ಹೋಗುತ್ತದೆ, ಏನು ಹಿಂದೆ ಉಳಿಯುತ್ತದೆ ಅಂತ ಗೊತ್ತಿರಬೇಕು. ಇಲ್ಲವಾದರೆ ದುಡ್ಡು ಕಳಿಸಲೇಬೇಕಾದ ದಿನ ಒಟಿಪಿ ಬಾರದೆ ಕೂರಬೇಕಾದೀತು.

ಸಿಮ್ಮಿನಲ್ಲಿ ಏನಿದೆ?

ಪಂಪ್‌ಸೆಟ್ಟಿನ ಆರ್.ಆರ್. ನಂಬರ್ ನಮಗೆಲ್ಲ ಗೊತ್ತು. ಪಂಪು ಬದಲಿಸಿದರೂ ಆರ್.ಆರ್. ನಂಬರ್ ಬದಲಾಗುವುದಿಲ್ಲ. ಸಿಮ್ಮೂ ಹಾಗೇ. ಅದರಲ್ಲಿರುವುದು ಒಂದು ಗುರುತು ಸಂಖ್ಯೆ ಮತ್ತು ಒಂದು ಗುಪ್ತ ಕೀಲಿ. ನಿಮ್ಮ ಹತ್ತಂಕಿಯ ನಂಬರು, ರೀಚಾರ್ಜ್, ಡಾಟಾ ಎಲ್ಲ ಕಂಪೆನಿಯ ಲೆಕ್ಕದಲ್ಲಿ ಆ ಗುರುತಿಗೆ ಜೋಡಣೆಯಾಗಿರುತ್ತವೆ. ಸಿಮ್ ಹೋದಲ್ಲಿಗೆ ಅವೂ ಹೋಗುತ್ತವೆ.

ಫೋಟೋ, ವಾಟ್ಸಪ್ ಮಾತುಕತೆ ಫೋನಿನಲ್ಲೇ ಉಳಿಯುತ್ತವೆ. ಹೆಸರು-ನಂಬರುಗಳ ಪೈಕಿ ಸಿಮ್ಮಿನಲ್ಲೇ ಉಳಿಸಿದವು ಮಾತ್ರ ಟ್ಯಾಬಿಗೆ ಬರುತ್ತವೆ.

ಎಲ್ಲ ಟ್ಯಾಬ್ ಒಂದೇ ಅಲ್ಲ

ಬರೇ ವೈಫೈಯ ಟ್ಯಾಬಿನಲ್ಲಿ ಸಿಮ್ ಹಾಕುವ ಜಾಗವೇ ಇರುವುದಿಲ್ಲ. ಇನ್ನು ಕೆಲವದರಲ್ಲಿ ಸಿಮ್ ಹಾಕಬಹುದು, ಆದರೆ ಇಂಟರ್‌ನೆಟ್ ಮಾತ್ರ, ಕರೆ ಇಲ್ಲ. ಮೂರನೆಯ ಬಗೆಯಲ್ಲಿ ಕರೆಯೂ ಆಗುತ್ತದೆ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ನಿಮ್ಮ ಸಿಮ್ ಹಾಕಿಸಿ, ಒಂದು ಕರೆ ಮಾಡಿ, ಒಂದು ಎಸ್ಸೆಮ್ಮೆಸ್ ತರಿಸಿಕೊಂಡು ನೋಡಿ.

ಅಳತೆಯೂ ಮುಖ್ಯ. ಮಿನಿ ಸಿಮ್ 25×15 ಮಿ.ಮೀ., ಮೈಕ್ರೋ 15×12, ನ್ಯಾನೋ 12.3×8.8. ಈಗಿನ ಫೋನುಗಳಲ್ಲಿ ನ್ಯಾನೋವೇ ಹೆಚ್ಚು. ಹಳೆ ಟ್ಯಾಬಿಗೆ ಮೈಕ್ರೋ ಬೇಕಾದರೆ ಪ್ಲಾಸ್ಟಿಕ್ ಚೌಕಟ್ಟು ಸಿಗುತ್ತದೆ. ಖಾಲಿ ಚೌಕಟ್ಟನ್ನು ಮಾತ್ರ ಒಳಗೆ ತಳ್ಳಬೇಡಿ. ಹೊರಗೆಳೆಯುವಾಗ ಒಳಗಿನ ತಂತಿ ಸಿಕ್ಕಿ ಮುರಿದೀತು. ದೊಡ್ಡ ಸಿಮ್ಮನ್ನು ಕತ್ತರಿಯಿಂದ ಕತ್ತರಿಸುವುದೂ ಬೇಡ. ನ್ಯಾನೋ ಅಗಲದಲ್ಲಿ ಮಾತ್ರವಲ್ಲ, ದಪ್ಪದಲ್ಲೂ ಕಡಿಮೆ. ಕಂಪೆನಿಯ ಮಳಿಗೆಯಲ್ಲಿ ಅದೇ ನಂಬರಿಗೆ ಸರಿಯಳತೆಯ ಸಿಮ್ ಕೇಳಿ.

ಬದಲಿಸುವ ಕ್ರಮ

ಎರಡನ್ನೂ ಆಫ್ ಮಾಡಿ. ಕೈ ಒಣಗಿರಲಿ. ಟ್ರೇ ತೆಗೆದು, ಮೂಲೆ ಕತ್ತರಿಸಿದ ಗುರುತು ನೋಡಿ ಸಿಮ್ ಕೂರಿಸಿ. ಆನ್ ಮಾಡಿದ ಮೇಲೆ ಮೊಬೈಲ್ ಡಾಟಾ ಹಾಕಿ. ಸಿಗ್ನಲ್ ಇದ್ದೂ ಇಂಟರ್‌ನೆಟ್ ಬಾರದಿದ್ದರೆ ಸೆಟ್ಟಿಂಗಿನಲ್ಲಿ ಎಪಿಎನ್ ಸರಿಯಿದೆಯೇ ನೋಡಿ. ಟ್ಯಾಬಿನ ಆ್ಯಪ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿ, ಇಲ್ಲವಾದರೆ ದಿನದ ಡಾಟಾ ಬೆಳಗ್ಗೆಯೇ ಮುಗಿದೀತು.

ದುಡ್ಡಿನ ವಿಷಯ

ಜಾಗ್ರತೆ ಬೇಕಾದ್ದು ಇಲ್ಲಿ. ಬ್ಯಾಂಕಿನ ಒಟಿಪಿ ಬರುವುದು ಸಿಮ್ ಇದ್ದ ಕಡೆಗೆ. ಮಗಳು ಟ್ಯಾಬ್ ಹಿಡಿದು ಪೇಟೆಗೆ ಹೋದರೆ ಒಟಿಪಿಯೂ ಪೇಟೆಗೇ. ಪಿ.ಎಂ. ಕಿಸಾನ್ ಇ-ಕೆವೈಸಿಯನ್ನು ಒಟಿಪಿಯಿಂದ ಮಾಡುವವರಿಗೆ ಸಂದೇಶ ಬರುವುದು ಆಧಾರಿಗೆ ಜೋಡಿಸಿದ ನಂಬರಿಗೆ. ಆ ಸಿಮ್ ಎಸ್ಸೆಮ್ಮೆಸ್ ತೋರಿಸದ ಟ್ಯಾಬಿನಲ್ಲಿದ್ದರೆ ಕೆಲಸ ಅಲ್ಲಿಗೇ ನಿಂತಿತು.

ಯುಪಿಐ ಆ್ಯಪ್ ನೋಂದಣಿ ಮಾಡುವಾಗ ಆ ಫೋನಿನ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಹೋಗುತ್ತದೆ. ಫೋನು, ಸಿಮ್ಮು ಎರಡನ್ನೂ ಜೋಡಿಸಿ ಗುರುತಿಟ್ಟುಕೊಳ್ಳುವ ಕ್ರಮ ಅದು. ಸಿಮ್ ತೆಗೆದರೆ ಆ್ಯಪ್ ಮುಷ್ಕರ ಹೂಡಬಹುದು. ವಾಪಸ್ ಹಾಕಿದ ಮೇಲೂ ಮತ್ತೆ ನೋಂದಣಿ ಕೇಳಬಹುದು. ಅದಕ್ಕೆ ಎಸ್ಸೆಮ್ಮೆಸ್ ಕಳಿಸುವಷ್ಟು ರೀಚಾರ್ಜ್ ಇರಬೇಕು.

ತೆಗೆದಿಟ್ಟ ಸಿಮ್ ಕಳೆದರೆ? ಸಿಕ್ಕಿದವನು ಬೇರೆ ಫೋನಿಗೆ ಹಾಕಿದರೆ ನಿಮ್ಮ ಒಟಿಪಿ ಅವನಿಗೆ. ಇದಕ್ಕೆ ಸೆಟ್ಟಿಂಗಿನಲ್ಲಿ ಸಿಮ್ ಲಾಕ್ ಇದೆ. ಹಾಕುವ ಮೊದಲು ಈಗಿರುವ ಪಿನ್ ಎಷ್ಟು ಅಂತ ಕಂಪೆನಿಯಿಂದ ಕೇಳಿ ತಿಳಿಯಿರಿ. ಮೂರು ಸಲ ತಪ್ಪು ಒತ್ತಿದರೆ ಪಿಯುಕೆ ಸಂಖ್ಯೆ ಕೇಳುತ್ತದೆ. ಅದನ್ನೂ ಹತ್ತು ಸಲ ತಪ್ಪಿದರೆ ಕಾರ್ಡು ಸತ್ತಂತೆ. ಸಿಮ್ ಕಳೆದದ್ದು ಗೊತ್ತಾದ ಕೂಡಲೇ ಕಂಪೆನಿಗೆ ಹೇಳಿ ಬ್ಲಾಕ್ ಮಾಡಿಸಿ, ಬ್ಯಾಂಕಿಗೂ ತಿಳಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ.

ಸಿಮ್ ತೆಗೆಯದೆಯೂ ಆಗುತ್ತದೆ

ಟ್ಯಾಬಿಗೆ ಬೇಕಾದ್ದು ಬರೇ ಇಂಟರ್‌ನೆಟ್ ಆದರೆ ಫೋನಿನ ಹಾಟ್‌ಸ್ಪಾಟ್ ಸಾಕು. ಬೇರೆ ಸಿಮ್ ಬೇಡ, ಡಾಟಾ ಅದೇ ಪ್ಯಾಕಿನಿಂದ ಹೋಗುತ್ತದೆ. ವೈಫೈ ಮಾತ್ರ ಇರುವ ಅಗ್ಗದ ಟ್ಯಾಬಿಗೂ ಇದು ಆಗುತ್ತದೆ. ಇನ್ನೊಂದು ಲಾಭ: ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದು ಅಟ್ಟದ ಕಿಟಕಿಯ ಹತ್ತಿರ ಮಾತ್ರ. ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಹಾಕಿದರೆ ಕೆಳಗೆ ಚಾವಡಿಯಲ್ಲಿ ಕೂತು ಟ್ಯಾಬ್ ನೋಡಬಹುದು. ಬ್ಯಾಟರಿ ಬೇಗ ಇಳಿಯುತ್ತದೆ, ಹಾಗಾಗಿ ಚಾರ್ಜಿಗೆ ಹಾಕಿಯೇ ಇಡುವುದು ಒಳ್ಳೆಯದು. ಪಾಸ್‌ವರ್ಡ್ ಇಡಲು ಮರೆಯಬೇಡಿ.

ಈಗ ನಾವು ನಡೆಸುತ್ತಿರುವ ಕ್ರಮ ಇಷ್ಟೇ: ಬ್ಯಾಂಕಿಗೆ, ಆಧಾರಿಗೆ ಕೊಟ್ಟ ನಂಬರಿನ ಸಿಮ್ ಫೋನು ಬಿಟ್ಟು ಕದಲುವುದಿಲ್ಲ. ಪಾಠಕ್ಕೆ ಹಾಟ್‌ಸ್ಪಾಟ್. ಫೋನು ರಿಪೇರಿಗೆ ಹೋದರೆ ಮಾತ್ರ ಸಿಮ್ ಟ್ಯಾಬಿಗೆ. ಆಗ ಆ ಟ್ಯಾಬ್ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ.