ಅಂತರಜಾಲದಲ್ಲಿ ವಂತಿಗೆ

ವಂತಿಗೆ ಎತ್ತುವುದು ನಮ್ಮ ಜನಕ್ಕೆ ಹೊಸತಲ್ಲ. ಗುಡಿಯ ಮಾಡು ಸೋರಿದರೆ, ಶಾಲೆಯ ಗೋಡೆ ಕುಸಿದರೆ, ಊರಿನ ನಾಲ್ವರು ಹಿರಿಯರು ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೊರಡುತ್ತಾರೆ. ಕೊಟ್ಟವರ ಹೆಸರು ಪುಸ್ತಕದಲ್ಲಿ ಬೀಳುತ್ತದೆ; ಕೊಡದವರ ಹೆಸರು ಊರ ಬಾಯಿಗೆ ಬೀಳುತ್ತದೆ. ಇದೇ ಕಾರ್ಯವನ್ನು ಅಂತರಜಾಲದ ಮೂಲಕ, ಎಂದೂ ಕಂಡರಿಯದ ಸಾವಿರಾರು ಮಂದಿಯಿಂದ ಸಾಧಿಸುವ ಕ್ರಮಕ್ಕೆ ಈಗ ಕ್ರೌಡ್‌ಫಂಡಿಂಗ್ ಎಂದು ಹೆಸರು. ನಾವು ಅದನ್ನು ಸಮೂಹನಿಧಿ ಎನ್ನೋಣ. ನಮ್ಮಂಥ ಸಣ್ಣ ಧರ್ಮಾರ್ಥ ಸಂಘಗಳು ಇಂದಲ್ಲ ನಾಳೆ ಈ ಬಾಗಿಲನ್ನು ತಟ್ಟಲೇಬೇಕಾಗುವುದರಿಂದ, ಅದರ ಒಳಹೊರಗನ್ನು ಪೋಷಕರೂ ವಿದ್ಯಾರ್ಥಿಗಳೂ ಅರಿತಿರುವುದು ಒಳ್ಳೆಯದು.

ಅಂತರಜಾಲಕ್ಕೆ ಬಹುಪೂರ್ವದಲ್ಲಿಯೇ ಇದರ ತತ್ತ್ವವು ಪ್ರಚಾರದಲ್ಲಿತ್ತು. ಅಮೆರಿಕದ ನ್ಯೂಯಾರ್ಕ್ ಬಂದರಿನಲ್ಲಿರುವ ಸ್ವಾತಂತ್ರ್ಯದೇವಿಯ ವಿಗ್ರಹಕ್ಕೆ ಪೀಠ ಕಟ್ಟಲು ಹಣ ಸಾಲದೆ ಕೆಲಸ ನಿಂತಾಗ, 1885ರಲ್ಲಿ ಜೋಸೆಫ್ ಪುಲಿಟ್ಜರ್ ತಮ್ಮ ‘ವರ್ಲ್ಡ್’ ಪತ್ರಿಕೆಯಲ್ಲಿ ಮನವಿ ಮಾಡಿದರು. ಎಷ್ಟೇ ಸಣ್ಣ ಮೊತ್ತವಾದರೂ ಕೊಟ್ಟವರ ಹೆಸರನ್ನು ಅಚ್ಚು ಹಾಕುವುದಾಗಿ ಮಾತು ಕೊಟ್ಟರು. ಕೆಲವೇ ತಿಂಗಳಲ್ಲಿ 1,20,000ಕ್ಕೂ ಹೆಚ್ಚು ಜನರು ಒಂದು ಲಕ್ಷ ಡಾಲರುಗಳಿಗೂ ಮೀರಿ ಕೊಟ್ಟರು; ಅವರಲ್ಲಿ ಹೆಚ್ಚಿನವರು ಕೊಟ್ಟದ್ದು ಒಂದು ಡಾಲರಿಗಿಂತ ಕಡಿಮೆ. ನಮ್ಮ ನೀಲಗಿರಿಗೂ ಇಂಥ ನೆನಪುಂಟು. ಮಹಾತ್ಮ ಗಾಂಧಿಯವರು ಹರಿಜನ ನಿಧಿಗಾಗಿ ದೇಶ ಸುತ್ತುತ್ತಿದ್ದಾಗ, 1934ರ ಜನವರಿ ಕಡೆಯಲ್ಲಿ ಕೂನೂರಿಗೆ ಬಂದು ತಂಗಿ, ಉದಕಮಂಡಲದಲ್ಲಿಯೂ ಮಾತನಾಡಿದರು. ಆ ಪ್ರವಾಸದಲ್ಲಿ ಒಟ್ಟು ಸುಮಾರು 8 ಲಕ್ಷ ರೂಪಾಯಿ ಕೂಡಿತು. ಕಾಸು ಕೊಟ್ಟವರೂ ಇದ್ದರು, ಕೈಬಳೆ ಬಿಚ್ಚಿಕೊಟ್ಟವರೂ ಇದ್ದರು.

ಅಂತರಜಾಲವು ಈ ಕ್ರಮಕ್ಕೆ ವೇಗವನ್ನೂ ದೂರವನ್ನೂ ಕೂಡಿಸಿತು. ಕನ್ನಡದಲ್ಲಿ ಪ್ರಸಿದ್ಧವಾದ ನಿದರ್ಶನ ‘ಲೂಸಿಯಾ’ ಚಲನಚಿತ್ರ. ನಿರ್ದೇಶಕ ಪವನ್ ಕುಮಾರ್ ಅವರ ಮನವಿಗೆ 27 ದಿನಗಳಲ್ಲಿ 110 ಮಂದಿಯಿಂದ ಸುಮಾರು 51 ಲಕ್ಷ ರೂಪಾಯಿ ಬಂದಿತು. ಚಿತ್ರವು 2013ರಲ್ಲಿ ತೆರೆಕಂಡಿತು. ಆದರೆ ಅಲ್ಲಿ ಹಣ ಹಾಕಿದವರು ಚಿತ್ರದ ಪಾಲುದಾರರು. ಸೇವಾಸಂಸ್ಥೆಗೆ ಕೊಡುವವರಿಗಾದರೋ ಪಾಲೂ ಇಲ್ಲ, ಬಡ್ಡಿಯೂ ಇಲ್ಲ. ನಮ್ಮ ವಿದ್ಯಾರ್ಥಿಗಳು ಪ್ರಬಂಧ ಬರೆಯುವಾಗ ತೆರೆದು ನೋಡುವ ವಿಕಿಪೀಡಿಯ, ಜಾಹೀರಾತಿನ ಹಂಗಿಲ್ಲದೆ ನಡೆಯುತ್ತಿರುವುದು ಬಹುಮಟ್ಟಿಗೆ ಓದುಗರ ಇಂಥ ಕಿರು ದೇಣಿಗೆಗಳಿಂದಲೇ.

ಇದು ನಡೆಯುವ ಬಗೆ ಹೀಗೆ. 2000ದಲ್ಲಿ ಗಿವ್ ಇಂಡಿಯಾ, 2010ರಲ್ಲಿ ಬೆಂಗಳೂರಿನ ಮಿಲಾಪ್, 2012ರಲ್ಲಿ ಮುಂಬಯಿಯ ಕೆಟ್ಟೋ, ಹೀಗೆ ಕೆಲವು ಜಾಲತಾಣಗಳು ಹುಟ್ಟಿಕೊಂಡವು. ಸಂಸ್ಥೆಯು ತನ್ನ ನೋಂದಣಿಯ ದಾಖಲೆಗಳನ್ನು ತೋರಿಸಿ, ಇಂಥ ಕೆಲಸಕ್ಕೆ ಇಷ್ಟು ಹಣ ಬೇಕೆಂದು ಅಲ್ಲಿ ಬರೆಯುತ್ತದೆ. ಓದಿದವರು ಮನಸ್ಸಾದರೆ ಕೊಡುತ್ತಾರೆ. 2016ರಲ್ಲಿ ಯುಪಿಐ ಬಂದ ಮೇಲೆ ನೂರು ರೂಪಾಯಿ ಕೊಡುವುದೂ ಕ್ಷಣದ ಮಾತಾಗಿದೆ. ಆದರೆ ಕೊಟ್ಟದ್ದೆಲ್ಲವೂ ಸಂಸ್ಥೆಗೆ ಮುಟ್ಟುತ್ತದೆಂದು ತಿಳಿಯಬಾರದು. ಒಂದು ಊಹೆಯ ಲೆಕ್ಕ ನೋಡೋಣ. ಮೇಲಿನ ತರಗತಿಯ ಮಕ್ಕಳು ತಾವೇ ಹಾಕಿ ನೋಡಲಿ. 300 ಜನರು ತಲಾ 500 ರೂಪಾಯಿ ಕೊಟ್ಟರೆ 1,50,000. ಹಣ ಸಾಗಿಸುವ ವೆಚ್ಚ ನೂರಕ್ಕೆ 3 ಎಂದಿಟ್ಟುಕೊಂಡರೆ 4,500. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 810. ಉಳಿದದ್ದು 1,44,690. ಜಾಲತಾಣದವರು ತಮ್ಮದೇ ಶುಲ್ಕ ಹಿಡಿದರೆ ಇನ್ನೂ ಇಳಿಯುತ್ತದೆ. ಕೆಲವು ಕಡೆ ಶುಲ್ಕವಿಲ್ಲವೆಂದು ಹೇಳಿ, ದಾನಿಯ ಮೊತ್ತದ ಜೊತೆಗೆ ‘ಟಿಪ್ಪು’ ಎಂದು ಒಂದಷ್ಟನ್ನು ತಾವೇ ಮುಂಚಿತವಾಗಿ ಸೇರಿಸಿಟ್ಟಿರುತ್ತಾರೆ. ನೋಡಿ ತೆಗೆದುಹಾಕುವ ಸ್ವಾತಂತ್ರ್ಯ ದಾನಿಗೆ ಉಂಟು. ಕೊಡುವವರು ಅವಸರಪಡದೆ ಆ ಸಾಲನ್ನು ಓದಬೇಕು.

ಮನವಿಯನ್ನು ಜಾಲದಲ್ಲಿ ಹಾಕಿದೊಡನೆ ಲೋಕವೆಲ್ಲ ಧಾವಿಸಿ ಬರುತ್ತದೆಂಬುದು ಭ್ರಮೆ. ಅಪರಿಚಿತನು ಮೊದಲು ನೋಡುವುದು ಸಂಸ್ಥೆಯ ಸ್ವಂತ ಜನ ಎಷ್ಟು ಕೊಟ್ಟಿದ್ದಾರೆಂಬುದನ್ನು. ಸೊನ್ನೆಯಿರುವ ಪಟ್ಟಿಗೆ ಮೊದಲ ಹೆಸರು ಬರೆಯಲು ಯಾರೂ ಮುಂದಾಗರು. ಗೂಡಲೂರಿನ ತೋಟದ ಸಾಲುಮನೆಯಿಂದ ಬರುವ ಐವತ್ತು ರೂಪಾಯಿ, ಮಸಿನಗುಡಿಯಿಂದ ಹೊರಟು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೆಲಸಕ್ಕೆ ನಿಂತ ಹಳೆಯ ವಿದ್ಯಾರ್ಥಿಯ ಐನೂರು ರೂಪಾಯಿ, ಇವು ಮೊದಲು ಕೂಡಬೇಕು. ಆಮೇಲೆ ಹೊರಗಿನದು.

ಹೊರದೇಶದ ಹಣದಲ್ಲಿ ಬೇರೊಂದು ಸೂಕ್ಷ್ಮವಿದೆ. 2010ರ ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆಯಂತೆ, ಕೇಂದ್ರ ಸರ್ಕಾರದ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆಯು ವಿದೇಶೀಯರಿಂದ ದೇಣಿಗೆ ಪಡೆಯಕೂಡದು. 2020ರ ತಿದ್ದುಪಡಿಯ ನಂತರ ಅಂಥ ಹಣವು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತಾದ ಶಾಖೆಯ ಖಾತೆಗೇ ಬರಬೇಕು. ದುಬೈಯಲ್ಲಿ ದುಡಿಯುತ್ತಿರುವ ನಮ್ಮ ಹುಡುಗನು ಭಾರತದ ಪ್ರಜೆಯಾಗಿಯೇ ಉಳಿದಿದ್ದು, ಸ್ವಂತ ಗಳಿಕೆಯನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶೀ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಅವನ ಅಣ್ಣ ಕಳುಹಿಸಿದರೆ ಅದು ವಿದೇಶೀ ದೇಣಿಗೆ. ಒಂದೇ ತಾಯಿಯ ಮಕ್ಕಳಾದರೂ ಕಾಯಿದೆಗೆ ಇಬ್ಬರೂ ಬೇರೆ! ಸದುದ್ದೇಶವಿತ್ತೆಂಬ ಮಾತು ಇಲ್ಲಿ ನಡೆಯದು.

ಲೆಕ್ಕದ ವಿಚಾರದಲ್ಲಿ ನಾವು ಸ್ವಲ್ಪ ಕಠಿನವಾಗಿಯೇ ಹೇಳಬೇಕಾಗಿದೆ. ಊರಿನ ವಂತಿಗೆಯಲ್ಲಿ ಕೊಟ್ಟವರು ದಿನವೂ ಶಾಲೆಯ ಮುಂದೆ ಹಾದುಹೋಗುತ್ತಾರೆ. ಗೋಡೆ ಎದ್ದಿತೆ ಇಲ್ಲವೆ ಎಂದು ಅವರ ಕಣ್ಣೇ ಹೇಳುತ್ತದೆ. ಜಾಲದಲ್ಲಿ ಕೊಟ್ಟವರಿಗೆ ಆ ಕಣ್ಣಿಲ್ಲ. ಅವರ ಪಾಲಿಗೆ ನಮ್ಮ ಲೆಕ್ಕಪತ್ರವೇ ಕಣ್ಣು. ಬಂದ ಮೊತ್ತ, ಕಳೆದ ಶುಲ್ಕ, ಸಿಮೆಂಟಿನ ಬಿಲ್ಲು, ಕೂಲಿಯ ಪಟ್ಟಿ, ಮಿಕ್ಕ ಚಿಲ್ಲರೆ, ಇವಿಷ್ಟೂ ಕೊಟ್ಟವರಿಗೆ ತಿಳಿಯತಕ್ಕದ್ದು. ಹೇಳಿದ ಕೆಲಸ ನಿಂತುಹೋದರೆ ಅದೂ ತಿಳಿಯತಕ್ಕದ್ದು. 80ಜಿ ಎಂದು ಬಹುಕಾಲದಿಂದ ಹೆಸರಾದ ತೆರಿಗೆಯ ರಿಯಾಯಿತಿ ದಾನಿಗೆ ದೊರೆಯಬೇಕಾದರೂ, ಸಂಸ್ಥೆಯು ಅದಕ್ಕೆ ಮಂಜೂರಾತಿ ಪಡೆದು, ದಾನಿಗಳ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ, ಪ್ರಮಾಣಪತ್ರ ಕೊಡಬೇಕು. 2,000 ರೂಪಾಯಿಗೆ ಮೀರಿದ ನಗದಿಗೆ ಆ ರಿಯಾಯಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ ಅದು ಸಲ್ಲುತ್ತದೆ.

ಇನ್ನು ಚಿತ್ರಗಳ ಮಾತು. ಹರಿದ ಅಂಗಿಯ, ಕಣ್ಣೀರು ತುಂಬಿದ ಮಗುವಿನ ಮುಖ ಹಾಕಿದರೆ ಹಣ ಬೇಗ ಕೂಡುತ್ತದೆಂದು ಕೆಲವರು ಉಪದೇಶಿಸುತ್ತಾರೆ. ಕೂಡಬಹುದು. ಆದರೆ ಆ ಚಿತ್ರ ಜಾಲದಲ್ಲಿ ಉಳಿಯುತ್ತದೆ; ಆ ಮಗು ಬೆಳೆದು ಕೆಲಸ ಕೇಳಲು ಹೋದಾಗಲೂ, ಮದುವೆಯ ಮಾತು ನಡೆಯುವಾಗಲೂ ಯಾರಾದರೂ ಅದನ್ನು ತೆರೆಯಬಹುದು. ಸೋರುವ ಮಾಡಿನ ಚಿತ್ರ ಸಾಕು. ಮಕ್ಕಳ ಚಿತ್ರ ಬೇಕೇಬೇಕೆಂದಾದರೆ ತಾಯ್ತಂದೆಯರ ಲಿಖಿತ ಒಪ್ಪಿಗೆ ಇರಲಿ, ಮಗು ಓದುತ್ತಲೋ ಆಡುತ್ತಲೋ ಇರುವ ಚಿತ್ರವಿರಲಿ.

ಮೊಬೈಲಿಗೆ ಬರುವ ಮನವಿಗಳೆಲ್ಲವೂ ನಿಜವಲ್ಲ. ನೆರೆ, ಭೂಕುಸಿತಗಳಾದ ವಾರದಲ್ಲಿ ಸುಳ್ಳು ಮನವಿಗಳಿಗೆ ವಿಶೇಷ ಸುಗ್ಗಿ. ಪೋಷಕರು ಕಳುಹಿಸುವ ಮುನ್ನ ಸಂಸ್ಥೆಯ ಹೆಸರನ್ನು ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಹುಡುಕಿ ನೋಡಲಿ. ಖಾತೆಯು ಸಂಸ್ಥೆಯ ಹೆಸರಿನಲ್ಲಿದೆಯೋ, ಯಾವನೋ ಒಬ್ಬನ ಹೆಸರಿನಲ್ಲಿದೆಯೋ ಎಂಬುದನ್ನು ಮೊಬೈಲಿನ ಪರದೆಯೇ ತೋರಿಸುತ್ತದೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗದು; ಕೇಳಿದವನು ವಂಚಕನೆಂದೇ ತಿಳಿಯಿರಿ. ಮೋಸಹೋದರೆ ನಾಚಿಕೊಂಡು ಸುಮ್ಮನಿರದೆ ಕೂಡಲೆ 1930 ಸಂಖ್ಯೆಗೆ ಕರೆ ಮಾಡಬೇಕು; ತಡವಾದಷ್ಟೂ ಹಣ ಕೈದಾಟಿ ಹೋಗುತ್ತದೆ. ಮನೆಯಲ್ಲಿ ಅಜ್ಜ ಅಜ್ಜಿಯರಿಗೆ ಈ ಸಂಖ್ಯೆಯನ್ನು ಬರೆದುಕೊಡುವ ಕೆಲಸವನ್ನು ನಾವು ಏಳನೆಯ ತರಗತಿಯ ಮಕ್ಕಳಿಗೆ ಒಪ್ಪಿಸುತ್ತೇವೆ.