ಸೀಸದ ಗುಂಡಿಗೆ ಬಣ್ಣದ ಕವಚ

ರೈಫಲ್ಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳೂ ಅವುಗಳ ನಡುವೆ ಉಳಿಯುವ ಏಣುಗಳೂ ಹಾಯುವ ಗುಂಡನ್ನು ಹಿಡಿದು ತಿರುಗಿಸುತ್ತವೆ. ಹೀಗೆ ಬುಗುರಿಯಂತೆ ತಿರುಗುವ ಗುಂಡು ಗಾಳಿಯಲ್ಲಿ ಹೊರಳದೆ ಮೂತಿ ಮುಂದಾಗಿಯೇ ಸಾಗುತ್ತದೆ. ಈ ಏರ್ಪಾಟಿಗೆ ರೈಫ್ಲಿಂಗ್ ಎಂದು ಹೆಸರು. ಬ್ರಿಟನ್ನಿನ ಎಂಜಿನಿಯರ್ ವಿಲಿಯಂ ಎಲಿಸ್ ಮೆಟ್‌ಫೋರ್ಡ್, ಕಪ್ಪುಮದ್ದಿನ ಮಸಿ ಮೂಲೆಗಳಲ್ಲಿ ಕಟ್ಟಿಕೊಳ್ಳದಿರಲೆಂದು ಅಂಚು ದುಂಡಾದ, ಆಳ ಕಡಿಮೆಯಾದ ತೋಡುಗಳನ್ನು ರೂಪಿಸಿದನು. 1888ರಲ್ಲಿ ಲೀ-ಮೆಟ್‌ಫೋರ್ಡ್ ರೈಫಲ್ಲಿನ ಮೂಲಕ ಅವು ಬ್ರಿಟಿಷ್ ಸೇನೆಯನ್ನು ಸೇರಿದವಾದರೂ, ಬಳಿಕ ಬಂದ ಕಾರ್ಡೈಟ್ ಮದ್ದಿನ ಬಿಸಿಗೆ ಬೇಗನೆ ಸವೆದದ್ದರಿಂದ 1895ರಲ್ಲಿ ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಎಡೆಮಾಡಿಕೊಟ್ಟವು.

ಅಮೆರಿಕದ ಮಾರ್ಲಿನ್ ಕಂಪನಿ 1950ರ ದಶಕದಲ್ಲಿ ತಂದ ಮೈಕ್ರೋಗ್ರೂವ್ ನಳಿಗೆಗಳಲ್ಲಿ ಆಳ ಕಡಿಮೆಯ ತೋಡುಗಳು ಮತ್ತೆ ಕಾಣಿಸಿಕೊಂಡವು. ಇಲ್ಲಿ ತೋಡುಗಳ ಸಂಖ್ಯೆ ಹೆಚ್ಚು, ಆಳವೋ ಇಂಚಿನ ಸಾವಿರ ಭಾಗಗಳಲ್ಲಿ ಎರಡು-ಮೂರರಷ್ಟೇ. ತಾಮ್ರದ ಹೊದಿಕೆಯುಳ್ಳ ಗುಂಡಿಗೆ ಇದು ಒಗ್ಗಿತು. ಆದರೆ ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದು ತಾವೇ ಗುಂಡು ಮಾಡಿಕೊಳ್ಳುವ ಅಲ್ಲಿನ ಹವ್ಯಾಸಿಗಳಿಗೆ ತೊಡಕಾಯಿತು: ಮೆದುವಾದ ಸೀಸ ವೇಗ ಹೆಚ್ಚಿದಾಗ ಗಿಡ್ಡ ಏಣುಗಳ ಹಿಡಿತದಿಂದ ಜಾರುತ್ತದೆ, ಗುಂಡು ನಳಿಗೆಗಿಂತ ಕೊಂಚ ಸಣ್ಣದಾದರೂ ಬಿಸಿ ಅನಿಲ ಪಕ್ಕದಿಂದ ನುಗ್ಗಿ, ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ.

ಸೀಸ ಮೆತ್ತದಂತೆ ತಡೆಯಲು ಹಿಂದಿನಿಂದಲೂ ಜಿಡ್ಡು ಸವರುತ್ತಿದ್ದರು. 1857ರ ಸಿಪಾಯಿಗಳ ಬಂಡಾಯಕ್ಕೆ ಕಿಡಿಯಾದ ಎನ್‌ಫೀಲ್ಡ್ ತೋಟಾದ ಜಿಡ್ಡು ಕೂಡ ಸೀಸದ ಗುಂಡು ಸರಾಗವಾಗಿ ಸಾಗಲೆಂದೇ ಇದ್ದದ್ದು. ಈಗ ಜಿಡ್ಡಿನ ಜಾಗಕ್ಕೆ, ಕಿಟಕಿಯ ಚೌಕಟ್ಟುಗಳಿಗೆ ಬಳಸುವ ಪೌಡರ್ ಕೋಟಿಂಗ್ ಬಂದಿದೆ. ಪ್ಲಾಸ್ಟಿಕ್ ಜಾತಿಯ ಈ ಬಣ್ಣದ ಪುಡಿ ಗುಂಡಿನ ಮೈಗೆ ಅಂಟಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಗಟ್ಟಿ ಪೊರೆಯಾಗುತ್ತದೆ. ಸೀಸ ಕರಗುವುದು 327 ಡಿಗ್ರಿಯಲ್ಲಾದ್ದರಿಂದ ಗುಂಡಿನ ಆಕಾರ ಕೆಡುವುದಿಲ್ಲ. ಪೊರೆಯು ಸೀಸವನ್ನು ಉಕ್ಕಿನಿಂದ ದೂರವಿಡುತ್ತದೆ, ಜಿಡ್ಡಿನ ಹೊಗೆಯನ್ನು ಇಲ್ಲವಾಗಿಸುತ್ತದೆ, ಮುಟ್ಟುವ ಕೈಗೆ ವಿಷಕಾರಿ ಸೀಸ ತಾಗುವುದನ್ನೂ ತಗ್ಗಿಸುತ್ತದೆ.

ಆದರೆ ಅಳತೆಯ ತಪ್ಪನ್ನು ಬಣ್ಣ ಮುಚ್ಚಲಾರದು. ಆಳವಿಲ್ಲದ ತೋಡುಗಳಿಗೆ ಮೊದಲು ಬೇಕಾದದ್ದು ನಳಿಗೆಯ ತೋಡಿನಿಂದ ತೋಡಿಗಿರುವ ವ್ಯಾಸಕ್ಕಿಂತ ಕೂದಲೆಳೆಯಷ್ಟು ದಪ್ಪನಾದ, ತಕ್ಕಷ್ಟು ಗಡಸಾದ ಗುಂಡು. ಪೊರೆ ಆ ದಪ್ಪಕ್ಕೆ ತುಸು ನೆರವಾಗುತ್ತದೆ. ಗಡಸುತನಕ್ಕೆ ಮಾತ್ರ ಅದನ್ನು ಬೇಯಿಸುವ ಶಾಖವೇ ಅಡ್ಡಿಯಾಗಬಹುದು. ಆಂಟಿಮನಿ ಬೆರೆಸಿ ಗಡಸು ಮಾಡಿದ ಸೀಸ ಒಲೆಯಿಂದ ಹೊರಬಂದು ನಿಧಾನವಾಗಿ ಆರಿದರೆ ಮೆದುವಾಗುವುದರಿಂದ, ಬಲ್ಲವರು ಅದನ್ನು ಬಿಸಿಬಿಸಿಯಾಗಿಯೇ ನೀರಿಗೆ ಹಾಕುತ್ತಾರೆ. ಬಳಿಕ ಒಂದು ಗುಂಡನ್ನು ಸುತ್ತಿಗೆಯಿಂದ ಚಪ್ಪಟೆಯಾಗುವಂತೆ ಬಡಿಯುತ್ತಾರೆ. ಪೊರೆ ಸಿಪ್ಪೆಯೇಳದೆ ಸೀಸದೊಡನೆ ಹರಡಿಕೊಂಡರೆ ಬೇಯಿಸಿದ ಹದ ಸರಿಯಾಗಿದೆಯೆಂದು ತಿಳಿಯುತ್ತಾರೆ.